ಹೊಗೆಯ ಸಿಂಗಲ್ ಮಾಲ್ಟ್: ಹತ್ತು ವರ್ಷದ್ದೋ, ಹದಿನಾರರದ್ದೋ, ಹದಿನೆಂಟರದ್ದೋ?

ಹೊಗೆಯ ವಾಸನೆ, ಕಡಲಿನ ಉಪ್ಪು, ಜೊತೆಗೆ ಒಂದಷ್ಟು ವಯಸ್ಸು. ಈ ಮೂರೂ ಇರುವ ಸ್ಕಾಚ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ತಯಾರಾದ ಸ್ಕಾಟ್ಲೆಂಡಿನ ವಿಸ್ಕಿ) ಬೇಕೆಂದು ಹೊರಟವರು ಅಂಗಡಿಯ ಕಪಾಟಿನ ಮುಂದೆ ನಿಂತು ಗೊಂದಲಕ್ಕೆ ಬೀಳುವುದು ಸಹಜ. ಲಾಫ್ರೋಯ್ಗ್ 10, ಆರ್ಡ್‌ಬೆಗ್ 10, ಟ್ಯಾಲಿಸ್ಕರ್ 10 ಹೆಚ್ಚುಕಡಿಮೆ ಒಂದೇ ಬೆಲೆಯ ಸಾಲಿನಲ್ಲಿವೆ. ಲಾಗವೂಲಿನ್ 16 ಅವುಗಳಿಗಿಂತ ಸಾಕಷ್ಟು ದುಬಾರಿ. ಹದಿನೆಂಟು ವರ್ಷದ ಬಾಟಲಿಗಳ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೆಚ್ಚು ಹಣ ಕೊಟ್ಟಷ್ಟೂ ಹೆಚ್ಚು ಹೊಗೆ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ವಾಸ್ತವ ಅದಕ್ಕೆ ತದ್ವಿರುದ್ಧ. ಪೀಪಾಯಿಯಲ್ಲಿ ವರ್ಷಗಳು ಕಳೆದಂತೆ ಹೊಗೆ ತಗ್ಗುತ್ತದೆ, ಓಕ್ ಮರದ ಸಿಹಿ ಮತ್ತು ಒಗರು ಮೇಲೇಳುತ್ತವೆ. ವಯಸ್ಸಿಗೆ ಹಣ ತೆರುವವರು ಹೊಗೆಯ ಮೆದುತನಕ್ಕೆ ಹಣ ತೆರುತ್ತಾರೆ, ಅದರ ಅಬ್ಬರಕ್ಕಲ್ಲ. ನಿಮಗೆ ಇವೆರಡರಲ್ಲಿ ಯಾವುದು ಬೇಕೆಂದು ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿಯಿತು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಹೊಗೆಯ ಬಗೆ. ಮೊಳಕೆ ಬರಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಒಣಗಿಸುವಾಗ ಜೌಗುನೆಲದಿಂದ ಕಡಿದು ತೆಗೆದ ಪೀಟ್ (ಅರೆಕೊಳೆತ ಸಸ್ಯಗಳ ಪದರ) ಸುಟ್ಟು ಅದರ ಹೊಗೆ ಹಾಯಿಸುತ್ತಾರೆ. ಹೊಗೆಯಲ್ಲಿರುವ ಫೀನಾಲ್ ಜಾತಿಯ ಸಂಯುಕ್ತಗಳು ಕಾಳಿಗೆ ಅಂಟಿಕೊಳ್ಳುತ್ತವೆ. ಅವುಗಳ ಪ್ರಮಾಣವನ್ನು ಹೇಳುವ ಅಂಕಿಯೇ ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬುದು. ಲಾಗವೂಲಿನ್ ಸುಮಾರು 35, ಲಾಫ್ರೋಯ್ಗ್ 40ರಿಂದ 45, ಆರ್ಡ್‌ಬೆಗ್ 50ರ ಆಸುಪಾಸು, ಟ್ಯಾಲಿಸ್ಕರ್ 20ರ ಆಸುಪಾಸು. ಈ ಅಂಕಿಗಳನ್ನು ನಂಬಿ ಬಾಟಲಿ ಕೊಳ್ಳಬೇಡಿ. ಅವು ಮಾಲ್ಟ್‌ನ ಅಳತೆ, ನಿಮ್ಮ ಲೋಟದಲ್ಲಿರುವ ವಿಸ್ಕಿಯದ್ದಲ್ಲ. ಬಟ್ಟಿ ಇಳಿಸುವಾಗ ಫೀನಾಲ್‌ಗಳಲ್ಲಿ ದೊಡ್ಡ ಪಾಲು ಹಿಂದೆಯೇ ಉಳಿಯುತ್ತದೆ. ಹರಿದುಬರುವ ಹಸಿ ಮದ್ಯದ, ಅಂದರೆ ಸ್ಪಿರಿಟ್‌ನ ನಡುಭಾಗವನ್ನು ಎಲ್ಲಿ ಕತ್ತರಿಸಿ ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಉಳಿದದ್ದು ನಿರ್ಧಾರವಾಗುತ್ತದೆ, ಏಕೆಂದರೆ ಹೊಗೆಯ ಭಾರವಾದ ಅಂಶಗಳು ಕೊನೆಕೊನೆಗೆ ಹೆಚ್ಚಾಗಿ ಬರುತ್ತವೆ. ಲಾಗವೂಲಿನ್ ಮತ್ತು ಕುಲ್ ಈಲಾ ಎರಡಕ್ಕೂ ಸ್ಕಾಟ್ಲೆಂಡಿನ ಐಲಾ ದ್ವೀಪದ ಪೋರ್ಟ್ ಎಲೆನ್ ಮಾಲ್ಟಿಂಗ್ಸ್‌ನಿಂದಲೇ ಮಾಲ್ಟ್ ಬರುತ್ತದೆ, ಪಿಪಿಎಂ ಕೂಡ ಹತ್ತಿರ ಹತ್ತಿರ. ಆದರೂ ಒಂದರ ಹೊಗೆ ದಟ್ಟ, ಎಣ್ಣೆಯಂಥದ್ದು. ಇನ್ನೊಂದರದ್ದು ತಿಳಿ, ನಿಂಬೆ ಬೆರೆತದ್ದು. ಆದ್ದರಿಂದ ಎಷ್ಟು ಹೊಗೆ ಎಂದು ಕೇಳುವುದಕ್ಕಿಂತ ಎಂಥ ಹೊಗೆ ಎಂದು ಕೇಳಿ. ಆಸ್ಪತ್ರೆಯ ಟಿಂಚರ್ ವಾಸನೆಯದ್ದೇ, ಬೂದಿಯದ್ದೇ, ಡಾಂಬರಿನದ್ದೇ, ಹೂವಿನ ಸುಗಂಧ ಬೆರೆತದ್ದೇ?

ಎರಡನೆಯದು ಕಡಲು. ಜಾಹೀರಾತುಗಳಲ್ಲಿ ಅಲೆಗಳು ಗೋದಾಮಿನ ಗೋಡೆಗೆ ಬಡಿಯುತ್ತವೆ, ಉಪ್ಪುಗಾಳಿ ಪೀಪಾಯಿಯೊಳಗೆ ನುಗ್ಗುತ್ತದೆ. ಚಿತ್ರ ಚೆನ್ನಾಗಿದೆ, ಆದರೆ ಅದನ್ನು ನೋಡಿ ಹಣ ಕೊಡಬಾರದು. ಉಪ್ಪು ಆವಿಯಾಗುವ ವಸ್ತುವಲ್ಲ, ಬಟ್ಟಿಯಲ್ಲಿ ಅದು ದಾಟಿ ಬರುವುದಿಲ್ಲ. ಕುಲ್ ಈಲಾದ ಸ್ಪಿರಿಟ್‌ನಲ್ಲಿ ಬಹುಪಾಲು ಟ್ಯಾಂಕರಿನಲ್ಲಿ ಸ್ಕಾಟ್ಲೆಂಡಿನ ಮುಖ್ಯಭೂಮಿಗೆ ಹೋಗಿ ಅಲ್ಲಿನ ಗೋದಾಮುಗಳಲ್ಲಿ ಮಾಗುತ್ತದೆ. ಹಾಗಿದ್ದರೂ ಅದರಲ್ಲಿ ಕಡಲಿನ ಗುಣ ಎದ್ದು ಕಾಣುತ್ತದೆ. ಹೊಗೆಯ ಕೆಲವು ಸಂಯುಕ್ತಗಳು, ಸ್ಪಿರಿಟ್‌ನ ಖನಿಜದಂಥ ಒಣಗುಣ, ನಾಲಿಗೆಯ ಮೇಲಿನ ಚುರುಕು ಸೇರಿ ನಮ್ಮ ನೆನಪಿನಲ್ಲಿರುವ ಸಮುದ್ರವನ್ನು ಎಬ್ಬಿಸುತ್ತವೆ. ಗೋದಾಮು ಎಲ್ಲಿದೆ ಎಂಬುದು ಮುಖ್ಯವಲ್ಲ, ಸ್ಪಿರಿಟ್ ಎಂಥದ್ದು ಎಂಬುದು ಮುಖ್ಯ.

ಮೂರನೆಯದು ವಯಸ್ಸು ಮತ್ತು ಪೀಪಾಯಿ. ಸ್ಕಾಚ್ ಎನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಬಾಟಲಿಯ ಮೇಲಿನ ವರ್ಷ ಅದರಲ್ಲಿ ಬೆರೆತ ಅತ್ಯಂತ ಕಿರಿಯ ವಿಸ್ಕಿಯದ್ದು. ಅಮೆರಿಕದ ಬರ್ಬನ್ ವಿಸ್ಕಿ ಇಟ್ಟಿದ್ದ ಅಮೆರಿಕನ್ ಓಕ್ ಪೀಪಾಯಿ ವೆನಿಲ್ಲಾ, ತೆಂಗು, ಜೇನಿನ ಸಿಹಿ ಕೊಡುತ್ತದೆ, ಹೊಗೆಯನ್ನು ಮುಚ್ಚುವುದಿಲ್ಲ. ಸ್ಪೇನಿನ ಶೆರ್ರಿ ವೈನಿನ ಪೀಪಾಯಿ ಒಣದ್ರಾಕ್ಷಿ, ಅಂಜೂರ, ಕಿತ್ತಳೆ ಸಿಪ್ಪೆಯ ರುಚಿ ಕೊಟ್ಟು ಹೊಗೆಯ ಮೇಲೆ ಹೊದಿಕೆ ಎಳೆಯುತ್ತದೆ. ಬಣ್ಣವನ್ನು ಮಾತ್ರ ನಂಬಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿ ಇದೆ.

ನಾಲ್ಕನೆಯದು ಮದ್ಯಸಾರದ ಪ್ರಮಾಣ. ಶೇ. 40 ಕಾನೂನಿನ ಕನಿಷ್ಠ ಮಿತಿ. ಹೊಗೆಯ ವಿಸ್ಕಿಯಲ್ಲಿ 43ಕ್ಕಿಂತ 46 ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. 46 ಇದ್ದಾಗ ಮಬ್ಬಾಗದಂತೆ ತಣ್ಣಗೆ ಮಾಡಿ ಸೋಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಎಣ್ಣೆಯಂಶ ಉಳಿಯುತ್ತದೆ, ನೀರು ಹಾಕಿ ಹದ ಮಾಡಿಕೊಳ್ಳುವ ಅವಕಾಶ ನಿಮ್ಮ ಕೈಯಲ್ಲಿರುತ್ತದೆ.

ಮೊದಲ ಬಾರಿಗೆ ಹೊಗೆ ಕುಡಿಯುವವರಿಗೆ

ಇಲ್ಲಿ ನಿಜವಾದ ಸ್ಪರ್ಧೆ ಟ್ಯಾಲಿಸ್ಕರ್ 10 ಮತ್ತು ಕುಲ್ ಈಲಾ 12ರ ನಡುವೆ. ಟ್ಯಾಲಿಸ್ಕರ್ ಐಲಾದ್ದಲ್ಲ, ಸ್ಕೈ ದ್ವೀಪದ ಕಾರ್ಬೋಸ್ಟ್ ಹಳ್ಳಿಯದ್ದು, 1830ರಲ್ಲಿ ಆರಂಭವಾದದ್ದು. ಶೇ. 45.8. ಅದರ ಹೆಸರುವಾಸಿ ಗುಣ ಕರಿಮೆಣಸು. ಗುಟುಕು ನುಂಗಿದ ಮೇಲೆ ಗಂಟಲಿನ ಹಿಂದೆ ಏಳುವ ಖಾರ ಬೇರೆ ಯಾವ ಸ್ಕಾಚ್‌ನಲ್ಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಹೊಗೆ ಮಧ್ಯಮ, ಉಪ್ಪು ಧಾರಾಳ, ನಡುವೆ ಹಣ್ಣಿನ ಸಿಹಿ. ಖಾರ ತಿಂದು ಬೆಳೆದ ನಾಲಿಗೆಗೆ ಇದು ತಟ್ಟನೆ ಒಗ್ಗುತ್ತದೆ.

ಕುಲ್ ಈಲಾ 12 ಶೇ. 43. ಐಲಾದ ನಿಜವಾದ ಹೊಗೆ ಹೇಗಿರುತ್ತದೆ ಎಂದು ಹೆದರಿಸದೆ ಕಲಿಸುವ ವಿಸ್ಕಿ ಇದು. ನಿಂಬೆ, ಮರಸೇಬು, ಹಿಂದೆ ತೆಳುವಾದ ಬೂದಿ. ಊಟಕ್ಕೆ ಮೊದಲು ಕುಡಿಯುವುದಾದರೆ, ಅದರಲ್ಲೂ ಮೀನು ಅಥವಾ ಸೀಗಡಿಯ ಜೊತೆಗಾದರೆ, ನಾನು ಕುಲ್ ಈಲಾವನ್ನೇ ಆರಿಸುತ್ತೇನೆ. ಚಳಿಯ ರಾತ್ರಿ, ಊಟವಾದ ಮೇಲೆ ಎಂದರೆ ಟ್ಯಾಲಿಸ್ಕರ್. ಒಂದೇ ಬಾಟಲಿಗೆ ಹಣವಿದೆ, ಮನೆಯಲ್ಲಿ ಹಲವರು ಹಂಚಿಕೊಳ್ಳುತ್ತಾರೆ ಎಂದರೂ ಟ್ಯಾಲಿಸ್ಕರ್, ಏಕೆಂದರೆ ಹೊಗೆ ಇಷ್ಟವಿಲ್ಲದವರು ಕೂಡ ಅದನ್ನು ಪಕ್ಕಕ್ಕೆ ಸರಿಸುವುದು ಕಡಿಮೆ.

ಅಬ್ಬರ ಬೇಕಾದವರಿಗೆ

ಐಲಾದ ದಕ್ಷಿಣ ತೀರದಲ್ಲಿ ಲಾಫ್ರೋಯ್ಗ್, ಲಾಗವೂಲಿನ್, ಆರ್ಡ್‌ಬೆಗ್ ಮೂರೂ ಒಂದೇ ರಸ್ತೆಯುದ್ದಕ್ಕೂ, ನಡೆದೇ ನೋಡಿ ಬರಬಹುದಾದಷ್ಟು ಹತ್ತಿರದಲ್ಲಿವೆ. 1815 ಮತ್ತು 1816ರಲ್ಲಿ ಶುರುವಾದ ಈ ಮೂರರ ರುಚಿಯಲ್ಲಿರುವ ಅಂತರ ಮಾತ್ರ ಅಚ್ಚರಿ ಹುಟ್ಟಿಸುವಷ್ಟಿದೆ.

ಲಾಫ್ರೋಯ್ಗ್ 10 ಮೂಗಿಗೆ ತಾಗಿದ ಕೂಡಲೇ ಟಿಂಚರ್, ಬ್ಯಾಂಡೇಜ್, ಕಡಲಪಾಚಿ. ಹೊಗೆಯಲ್ಲಿರುವ ಕ್ರೆಸಾಲ್ ಎಂಬ ಸಂಯುಕ್ತಗಳು ಈ ಔಷಧದ ವಾಸನೆಗೆ ದೊಡ್ಡ ಕಾರಣ. ಒಳಗೆ ಮಾತ್ರ ಅನಿರೀಕ್ಷಿತವಾದ ವೆನಿಲ್ಲಾ ಸಿಹಿ ಇದೆ. ಇಂದಿಗೂ ತಮಗೆ ಬೇಕಾದ ಮಾಲ್ಟ್‌ನಲ್ಲಿ ಒಂದು ಪಾಲನ್ನು ನೆಲದ ಮೇಲೆ ಹರಡಿ, ತಮ್ಮದೇ ಪೀಟ್ ಹೊಗೆಯಲ್ಲಿ ಒಣಗಿಸುವ ಕೆಲವೇ ಡಿಸ್ಟಿಲರಿಗಳಲ್ಲಿ ಇದೂ ಒಂದು. ಮಾರುಕಟ್ಟೆಗೆ ತಕ್ಕಂತೆ ಶೇ. 40 ಅಥವಾ 43ರಲ್ಲಿ ಸಿಗುತ್ತದೆ. ಎರಡೂ ಸಿಗುವ ಕಡೆ 43ನ್ನೇ ಕೊಳ್ಳಿ, ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ. ಇದನ್ನು ಇಷ್ಟಪಡುವವರು ಬೇರೆ ಯಾವುದನ್ನೂ ಒಪ್ಪುವುದಿಲ್ಲ, ಇಷ್ಟಪಡದವರು ಎರಡನೆಯ ಗುಟುಕಿಗೆ ಹೋಗುವುದಿಲ್ಲ. ಯಾರಿಗಾದರೂ ಉಡುಗೊರೆ ಕೊಡಲು ಇದು ಸುರಕ್ಷಿತ ಆಯ್ಕೆಯಲ್ಲ.

ಆರ್ಡ್‌ಬೆಗ್ 10 ಶೇ. 46, ತಣ್ಣಗೆ ಮಾಡಿ ಸೋಸಿಲ್ಲ, ಬಣ್ಣ ಸೇರಿಸಿಲ್ಲ. ಡಾಂಬರು, ಮಸಿ, ಸುಟ್ಟ ನಿಂಬೆ, ಹುರಿದ ಕಾಫಿ. ಪಿಪಿಎಂ ಅಂಕಿಯಲ್ಲಿ ಲಾಫ್ರೋಯ್ಗ್‌ಗಿಂತ ಮುಂದಿದ್ದರೂ ಕುಡಿಯಲು ಅದಕ್ಕಿಂತ ಹಗುರ, ಹೆಚ್ಚು ಸ್ವಚ್ಛ. ಔಷಧದ ವಾಸನೆ ಕಡಿಮೆ, ಹಣ್ಣು ಹೆಚ್ಚು. 1981ರಲ್ಲಿ ಬಾಗಿಲು ಮುಚ್ಚಿದ್ದ ಈ ಡಿಸ್ಟಿಲರಿಯನ್ನು 1997ರಲ್ಲಿ ಗ್ಲೆನ್‌ಮೊರಾಂಜಿ ಎಂಬ ವಿಸ್ಕಿ ಕಂಪನಿ ಕೊಂಡು ಪೂರ್ಣವಾಗಿ ಎಬ್ಬಿಸಿ ನಿಲ್ಲಿಸಿತು. ಹತ್ತು ವರ್ಷದ ವಿಸ್ಕಿಗಳಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ಸಿಗುವುದು ಇದರಲ್ಲೇ ಎಂದು ಹಿಂಜರಿಯದೆ ಹೇಳುತ್ತೇನೆ.

ಹೊಗೆಯ ತುತ್ತತುದಿ ನೋಡಬೇಕೆಂಬ ಹಟವಿದ್ದರೆ ಬ್ರೂಕ್ಲಾಡಿ ಡಿಸ್ಟಿಲರಿಯ ಆಕ್ಟೊಮೋರ್ ಇದೆ. ಅದರ ಒಂದು ಆವೃತ್ತಿಯ ಮಾಲ್ಟ್ 309 ಪಿಪಿಎಂ ತಲುಪಿತ್ತು. ಅದು ಐದು ವರ್ಷದ ವಿಸ್ಕಿ ಎಂಬುದನ್ನು ಗಮನಿಸಿ. ಹೊಗೆಯೇ ಗುರಿಯಾದಾಗ ತಯಾರಕರು ಪೀಪಾಯಿಯಲ್ಲಿ ಹೆಚ್ಚು ಕಾಲ ಕಾಯುವುದಿಲ್ಲ.

ಲಾಗವೂಲಿನ್: ಎಂಟೋ, ಹದಿನಾರೋ

ವಯಸ್ಸು ಹೊಗೆಗೆ ಏನು ಮಾಡುತ್ತದೆ ಎಂದು ಕಣ್ಣಾರೆ ಕಾಣಬೇಕಾದರೆ ಈ ಎರಡನ್ನು ಅಕ್ಕಪಕ್ಕ ಇಟ್ಟು ರುಚಿ ನೋಡಬೇಕು. ಡಿಸ್ಟಿಲರಿಗೆ 200 ವರ್ಷ ತುಂಬಿದ 2016ರಲ್ಲಿ ಬಂದ ಎಂಟು ವರ್ಷದ ಆವೃತ್ತಿ ಶೇ. 48. ಹದಿನಾರರದ್ದು ಶೇ. 43.

ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ ಎರಡು ಲೋಟಗಳಲ್ಲಿ ಇಪ್ಪತ್ತು ಇಪ್ಪತ್ತು ಮಿ.ಲೀ. ಹಾಕಿ. ಮಂಜುಗಡ್ಡೆ ಬೇಡ, ತಣ್ಣಗಾದರೆ ವಾಸನೆ ಮುದುಡುತ್ತದೆ. ಹತ್ತು ನಿಮಿಷ ಹಾಗೇ ಬಿಡಿ. ಮೂಗನ್ನು ಲೋಟದೊಳಗೆ ತುರುಕದೆ ಅಂಚಿನ ಮೇಲೆ ಹಿಡಿದು, ಬಾಯನ್ನು ಸ್ವಲ್ಪ ತೆರೆದು ಉಸಿರೆಳೆಯಿರಿ. ಎಂಟರಲ್ಲಿ ಹೊಗೆ ಮುಂದೆ ನುಗ್ಗಿ ಬರುತ್ತದೆ, ಹಿಂದೆ ಹಸಿ ಬಾರ್ಲಿ, ನಿಂಬೆ ಸಿಪ್ಪೆ, ಪುದೀನದಂಥ ತಂಪು. ಹದಿನಾರರಲ್ಲಿ ಮೊದಲು ಮೂಗಿಗೆ ಬರುವುದು ಹೊಗೆಯೇ ಅಲ್ಲ. ಒಣದ್ರಾಕ್ಷಿ, ಕಡು ಚಹಾ, ಹಳೆಯ ಚರ್ಮ, ಅದರೊಳಗಿಂದ ನಿಧಾನವಾಗಿ ಏಳುವ ಹೊಗೆ. ತೇವದ ಸೌದೆ ಹೊತ್ತಿಕೊಳ್ಳುವಾಗಿನ ಹೊಗೆಗೂ ಕೆಂಡ ಬೂದಿಯಾದ ಮೇಲಿನ ಘಮಕ್ಕೂ ಇರುವಷ್ಟು ಅಂತರ ಇಲ್ಲಿದೆ.

ಈಗ ಒಂದು ಸಣ್ಣ ಗುಟುಕು ತೆಗೆದುಕೊಂಡು ಬಾಯಿ ತುಂಬ ಆಡಿಸಿ. ಮೊದಲ ಗುಟುಕಿನಲ್ಲಿ ಮದ್ಯದ ಉರಿ ಬಿಟ್ಟು ಹೆಚ್ಚೇನೂ ತಿಳಿಯುವುದಿಲ್ಲ, ಎರಡನೆಯದರಿಂದ ತೀರ್ಪು ಕೊಡಿ. ಹದಿನಾರು ನಾಲಿಗೆಯ ಮೇಲೆ ದಪ್ಪವಾಗಿ, ಸಿಹಿಯಾಗಿ ಕೂರುತ್ತದೆ. ನುಂಗಿದ ಮೇಲೆ ಉಪ್ಪು ಮತ್ತು ಬೂದಿ ಬಹಳ ಹೊತ್ತು ಉಳಿಯುತ್ತವೆ. ಎಂಟು ಚೂಪಾಗಿ ಬಂದು ಬೇಗ ಒಣಗುತ್ತದೆ. ಬಳಿಕ ಎರಡಕ್ಕೂ ಕೋಣೆಯ ಉಷ್ಣತೆಯ ನೀರನ್ನು ಹನಿಹನಿಯಾಗಿ ಸೇರಿಸಿ ನೋಡಿ. ಎಂಟು ಅರಳುತ್ತದೆ, ಅಡಗಿದ್ದ ಹಣ್ಣು ಹೊರಗೆ ಬರುತ್ತದೆ. ಹದಿನಾರಕ್ಕೆ ಕೆಲವೇ ಹನಿ ಸಾಕು, ಹೆಚ್ಚಾದರೆ ತೆಳುವಾಗಿ ಸೋರಿಹೋಗುತ್ತದೆ. 43ರಲ್ಲಿ ಬಾಟಲಿಗೆ ತುಂಬಿದ್ದರ ನಷ್ಟ ಇದು, ಈ ಅಪೂರ್ವ ವಿಸ್ಕಿಯ ಬಗ್ಗೆ ನನಗಿರುವ ಒಂದೇ ಆಕ್ಷೇಪ.

ಹಾಗಾದರೆ ಹದಿನಾರಕ್ಕೆ ಕೊಡುವ ಹೆಚ್ಚುವರಿ ಹಣ ನ್ಯಾಯವೇ? ಒಂಟಿಯಾಗಿ ಕೂತು ಒಂದು ಪೆಗ್ಗನ್ನು ಗಂಟೆಗಟ್ಟಲೆ ಕುಡಿಯುವವರಿಗೆ ಖಂಡಿತ ನ್ಯಾಯ. ಲೋಟದಲ್ಲಿ ಅದು ಬದಲಾಗುತ್ತಲೇ ಇರುತ್ತದೆ. ಸೋಡಾ ಬೆರೆಸುವವರಿಗೆ, ನಾಲ್ಕಾರು ಜನರ ಮಾತಿನ ನಡುವೆ ಕುಡಿಯುವವರಿಗೆ ಎಂಟರದ್ದೇ ಸರಿ.

ಹದಿನೆಂಟು ಮತ್ತು ಅದರಾಚೆ

ಇಲ್ಲಿಂದ ಮುಂದೆ ಹೊಗೆ ಹಿನ್ನೆಲೆಗೆ ಸರಿಯುತ್ತದೆ. ಟ್ಯಾಲಿಸ್ಕರ್ 18ರಲ್ಲಿ ಮೆಣಸಿನ ಖಾರ ಮಾಗಿ, ಹಣ್ಣು ಮತ್ತು ಜೇನಿನ ಹಿಂದೆ ನಿಲ್ಲುತ್ತದೆ. ಶೇ. 45.8 ಉಳಿಸಿಕೊಂಡಿರುವುದರಿಂದ ಸೊರಗಿಲ್ಲ. ಬೋಮೋರ್ 18 ಇನ್ನೊಂದು ದಿಕ್ಕು. 1779ರ ಈ ಡಿಸ್ಟಿಲರಿಯ ಸಮುದ್ರಕ್ಕೆ ಅಂಟಿದ ನೆಲಮಾಳಿಗೆಯ ಗೋದಾಮು ಪ್ರಸಿದ್ಧ. ವಿಸ್ಕಿ ಮಾತ್ರ ಶೆರ್ರಿ, ಮಾಗಿದ ಹಣ್ಣು, ಚಾಕೊಲೇಟ್, ಕೊನೆಯಲ್ಲಿ ಒಂದೆಳೆ ಹೊಗೆ. ಇದರಲ್ಲಿ ಐಲಾದ ಅಬ್ಬರ ಹುಡುಕುವವರಿಗೆ ನಿರಾಸೆ ಖಚಿತ. ಆರ್ಕ್ನಿ ದ್ವೀಪದ ಹೈಲ್ಯಾಂಡ್ ಪಾರ್ಕ್ 18ರ ಹೊಗೆ ಬೇರೆಯೇ ಜಾತಿಯದ್ದು. ಮರಗಳೇ ವಿರಳವಾದ ಆ ದ್ವೀಪದ ಪೀಟ್‌ನಲ್ಲಿ ಹೆದರ್ ಗಿಡದ ಅಂಶ ಹೆಚ್ಚು, ಹಾಗಾಗಿ ಹೊಗೆಗೆ ಹೂವಿನ ಸುಗಂಧವಿದೆ, ಔಷಧದ ವಾಸನೆ ಇಲ್ಲವೇ ಇಲ್ಲ. ಹಿರಿಯರಿಗೆ, ಗುರುಗಳಿಗೆ, ಹೊಗೆಯ ಬಗ್ಗೆ ಅವರ ಮನಸ್ಸು ಗೊತ್ತಿಲ್ಲದ ಯಾರಿಗೇ ಆದರೂ ಉಡುಗೊರೆ ಕೊಡುವುದಿದ್ದರೆ ನನ್ನ ಆಯ್ಕೆ ಇದೇ.

ಕಡಿಮೆ ಹಣದಲ್ಲಿ ಹಳೆಯ ಹೊಗೆ ಬೇಕಾದವರಿಗೆ ಒಂದು ದಾರಿ ಇದೆ, ಅಂಗಡಿಯವರು ಅದನ್ನು ತಾವಾಗಿ ಹೇಳುವುದು ಅಪರೂಪ. ಸಿಗ್ನೇಟರಿಯಂಥ ಸ್ವತಂತ್ರ ಸಂಸ್ಥೆಗಳು ಬೇರೆ ಡಿಸ್ಟಿಲರಿಗಳ ಪೀಪಾಯಿ ಕೊಂಡು ತಮ್ಮ ಹೆಸರಿನಲ್ಲಿ ಬಾಟಲಿಗೆ ತುಂಬುತ್ತವೆ. ಕುಲ್ ಈಲಾ ಬಹಳ ದೊಡ್ಡ ಡಿಸ್ಟಿಲರಿಯಾದ್ದರಿಂದ ಅದರ ಪೀಪಾಯಿಗಳು ಇವರ ಕೈಗೆ ಹೇರಳವಾಗಿ ಸಿಗುತ್ತವೆ. ಇಂಥ ಕುಲ್ ಈಲಾ ಎಷ್ಟೋ ಸಲ ಅದೇ ವಯಸ್ಸಿನ ಹೆಸರಾಂತ ಬಾಟಲಿಗಿಂತ ಅಗ್ಗ, ಮದ್ಯಸಾರದಲ್ಲಿ ಹೆಚ್ಚು ಗಟ್ಟಿ. ಒಂದೊಂದು ಪೀಪಾಯಿಯೂ ಬೇರೆ ಬೇರೆಯಾಗಿರುವುದು ಇದರ ಅಪಾಯ. ಒಮ್ಮೆ ಮೆಚ್ಚಿದ್ದು ಮತ್ತೆ ಸಿಗುತ್ತದೆಂಬ ಭರವಸೆ ಇಲ್ಲ. ಬ್ರಿಟನ್, ಜರ್ಮನಿ, ನೆದರ್‌ಲೆಂಡ್ಸ್‌ನಲ್ಲಿರುವ ಕನ್ನಡಿಗರಿಗೆ ಈ ದಾರಿ ಸುಲಭ, ಭಾರತದಲ್ಲಿ ಕಷ್ಟ.

25 ವರ್ಷ ದಾಟಿದ ಬಾಟಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಗೆಗಾಗಿ ಅವುಗಳನ್ನು ಕೊಳ್ಳುವುದು ಹಣ ಪೋಲು. ಹಳೆಯ ಓಕ್‌ನ ಗಂಭೀರ ಘಮಕ್ಕೆ ಮನಸೋತವರು ಮಾತ್ರ ಆ ಕಡೆ ನೋಡಲಿ.

ನಮ್ಮ ನೆಲದ ಹೊಗೆ

ಬೆಂಗಳೂರಿನ ಅಮೃತ್ ಡಿಸ್ಟಿಲರಿ 1948ರದ್ದು, ಅದರ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅಮೃತ್ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆಗೆ ಪೀಟ್ ಹೊಗೆ ಹಾಯಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಇದೆ. ಶೇ. 50. ಹೊಗೆ ಮಿತವಾಗಿ, ಹಣ್ಣು ಮತ್ತು ಓಕ್ ಮುಂದಾಗಿ ಬರುತ್ತವೆ. ಹೊಗೆಯೇ ಪ್ರಧಾನವಾಗಬೇಕೆಂದರೆ ಅಮೃತ್ ಪೀಟೆಡ್ ಕೇಳಿ.

ಇಲ್ಲಿ ವಯಸ್ಸಿನ ಲೆಕ್ಕವನ್ನು ಸ್ಕಾಟ್ಲೆಂಡಿನ ಅಳತೆಯಲ್ಲಿ ಹಾಕಬಾರದು. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ರಿಂದ 12. ಮರದ ರುಚಿ ಅಷ್ಟೇ ಬೇಗ ಇಳಿಯುತ್ತದೆ. ಹದಿನಾರು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಬಹಳ ಸ್ವಲ್ಪ. ಬಾಟಲಿಯ ಮೇಲೆ ವರ್ಷ ಕಾಣಲಿಲ್ಲವೆಂದು ಕೀಳಾಗಿ ನೋಡಬೇಡಿ. ಗೋವಾದಲ್ಲಿ ತಯಾರಾಗುವ ಪಾಲ್ ಜಾನ್‌ನ ಮಾತೃಸಂಸ್ಥೆಯೂ ಬೆಂಗಳೂರಿನದ್ದೇ. ಅದರ ಬೋಲ್ಡ್ ಆವೃತ್ತಿಗೆ ಐಲಾದಿಂದ ತರಿಸಿದ ಪೀಟ್ ಬಳಸುತ್ತಾರೆ. ಶೇ. 46. ಹೊಗೆಯ ಜೊತೆ ಜೇನು ಮತ್ತು ಮಸಾಲೆ ಒಟ್ಟಿಗೆ ಬರುತ್ತವೆ, ಐಲಾದ ಒಣ ಉಪ್ಪುಗುಣ ಮಾತ್ರ ಸಿಗುವುದಿಲ್ಲ. ಕರ್ನಾಟಕದಲ್ಲೇ ಇದ್ದು, ಆಮದು ಬಾಟಲಿಯ ಬೆಲೆ ಭಾರವೆನಿಸಿದರೆ ಈ ಎರಡು ಮನೆಗಳ ಹೊಗೆಯ ವಿಸ್ಕಿಗಳು ಸೋವಿಯ ಬದಲಿಗಳಲ್ಲ, ತಮ್ಮ ಕಾಲ ಮೇಲೆ ನಿಂತವು.

ಹಣದ ಲೆಕ್ಕ

ಭಾರತದಲ್ಲಿ ಸ್ಕಾಚ್ ದುಬಾರಿಯಾಗಲು ಆಮದು ಸುಂಕವೂ (2025ರಲ್ಲಿ ಅದು ಶೇ. 150 ಇತ್ತು) ರಾಜ್ಯಗಳ ಅಬಕಾರಿ ತೆರಿಗೆಯೂ ಕಾರಣ. 2025ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಸಹಿ ಮಾಡಿದ ವ್ಯಾಪಾರ ಒಪ್ಪಂದದಲ್ಲಿ ಆಮದು ಸುಂಕವನ್ನು ಮೊದಲು 75ಕ್ಕೆ, ಹತ್ತನೆಯ ವರ್ಷಕ್ಕೆ 40ಕ್ಕೆ ಇಳಿಸುವ ಮಾತಿದೆ. ರಾಜ್ಯದ ತೆರಿಗೆಗೆ ಆ ಒಪ್ಪಂದ ಕೈ ಹಚ್ಚುವುದಿಲ್ಲವಾದ್ದರಿಂದ ಬೆಲೆ ಅರ್ಧಕ್ಕೆ ಇಳಿಯುತ್ತದೆಂದು ಕಾಯುತ್ತಾ ಕೂರುವುದು ಬೇಡ. ವಿದೇಶದಿಂದ ಬರುವವರು ತಲಾ 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಅಕ್ಕನೋ ತಮ್ಮನೋ ಊರಿಗೆ ಬರುತ್ತಿದ್ದರೆ ಒಂದೇ ಬಗೆಯ ಎರಡು ಬಾಟಲಿ ಹೇಳಬೇಡಿ. ಒಂದು ಆರ್ಡ್‌ಬೆಗ್ 10, ಇನ್ನೊಂದು ಲಾಗವೂಲಿನ್ 16 ಹೇಳಿ. ಚೂಪಾದ ಎಳೆಯ ಹೊಗೆಯೂ ಮಾಗಿದ ಹೊಗೆಯೂ ಒಟ್ಟಿಗೆ ಮನೆಗೆ ಬರುತ್ತವೆ. ಮುಂದೆ ಯಾವ ಕಡೆಗೆ ಹಣ ಹಾಕಬೇಕೆಂದು ನಿಮ್ಮ ನಾಲಿಗೆಯೇ ಹೇಳುತ್ತದೆ. ಅಂಥ ಅನುಕೂಲ ಇಲ್ಲದವರು ಒಳ್ಳೆಯ ಬಾರಿನಲ್ಲಿ ಎರಡನ್ನೂ 30 ಮಿ.ಲೀ. ತರಿಸಿ ರುಚಿ ನೋಡಿ. ಬಾಟಲಿಯ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ. ಹಿಂದಿರುಗುವಾಗ ಗಾಡಿ ಓಡಿಸಬೇಡಿ.

ಹಲವು ವಿಸ್ಕಿಗಳನ್ನು ಒಂದೇ ಸಂಜೆ ಹೋಲಿಸುವುದಾದರೆ ಹೊಗೆಯಿಲ್ಲದ್ದರಿಂದ ಹೊಗೆಯುಳ್ಳದ್ದಕ್ಕೆ ಹೋಗಿ, ಲಾಫ್ರೋಯ್ಗ್ ಎಲ್ಲಕ್ಕಿಂತ ಕೊನೆಗೆ ಬರಲಿ. ಅದಾದ ಮೇಲೆ ನಾಲಿಗೆ ಬೇರೆ ಯಾವುದನ್ನೂ ಸರಿಯಾಗಿ ಗುರುತಿಸುವುದಿಲ್ಲ. ತೆರೆದ ಬಾಟಲಿಯನ್ನು ಬಿಸಿಲು ಬೀಳದ ಕಡೆ ನಿಲ್ಲಿಸಿ ಇಡಿ, ಮಲಗಿಸಿದರೆ ಮದ್ಯ ಬಿರಡೆಯನ್ನು ತಿನ್ನುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಒಳಗಿನ ಗಾಳಿಗೆ ಮೊದಲು ಸೊರಗುವುದು ಹೊಗೆಯೇ. ಉಳಿದದ್ದನ್ನು ಬಾಯಿಮಟ್ಟ ತುಂಬುವ ಚಿಕ್ಕ ಗಾಜಿನ ಬಾಟಲಿಗೆ ಬಗ್ಗಿಸಿಡಿ, ಇಲ್ಲವೇ ಕೆಲವು ತಿಂಗಳೊಳಗೆ ಕುಡಿದು ಮುಗಿಸಿ.